ಆಫೀಸಿನಲ್ಲಿ ಸುವಾರ್ತೆ ಹೇಳುವುದು ಹೇಗೆ? ನನಗೆ ತಿಳಿದಷ್ಟು

ನೀವು ಕೇಳಿದ್ದು ಇಷ್ಟು: ಸಭೆಯಲ್ಲಿ, ಅಂದರೆ ನಿಮ್ಮ ಚರ್ಚಿನಲ್ಲಿ, ಶಿಷ್ಯತ್ವದ ತರಗತಿ ಮುಗಿಸಿದ್ದೀರಿ. ಪ್ರತಿ ವಿಶ್ವಾಸಿಯೂ ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಹೇಳಲೇಬೇಕು ಅಂತ ಅಲ್ಲಿ ಕಲಿಸಿದ್ದಾರೆ. ನಿಮ್ಮದು ನಾಚಿಕೆಯ ಸ್ವಭಾವ. ಆಫೀಸಿನಲ್ಲಿ ಕರಪತ್ರ ಕೊಟ್ಟರೆ ಮುಖ ಸಿಂಡರಿಸುತ್ತಾರೆ, ಸುಮ್ಮನಿದ್ದರೆ ನಿಮ್ಮ ಮನಸ್ಸೇ ಚುಚ್ಚುತ್ತದೆ. ಏನು ಮಾಡಲಿ?

ಮೊದಲು ಆ ಕರಪತ್ರಗಳನ್ನು ಬ್ಯಾಗಿನೊಳಗೆ ಇಡಿ. ನಾನು ಮಂಗಳೂರಿನ ಕಡೆಯವಳು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿಗೆ ಸೇರಿದವಳು. ಒಂದು ಖಾಸಗಿ ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ. ನಮ್ಮ ಸೆಕ್ಷನ್‌ನಲ್ಲಿ ಕ್ರೈಸ್ತಳು ಅಂತ ಇರುವುದು ನಾನೊಬ್ಬಳೇ. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ಬೈಬಲಿನ 1 ಪೇತ್ರ 3:15 ನಿಮಗೆ ಬಾಯಿಪಾಠ ಇರಬೇಕು. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅನ್ನುವ ಮಾತು. ತರಗತಿಗಳಲ್ಲಿ ಉತ್ತರದ ಅರ್ಧವನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಉತ್ತರ ಕೊಡಬೇಕಾದರೆ ಮೊದಲು ಯಾರಾದರೂ ಕೇಳಬೇಕು ಅಲ್ವಾ? ಪೇತ್ರ ಈ ಪತ್ರ ಬರೆದದ್ದು ಏಷ್ಯಾ ಮೈನರಿನ ಸಣ್ಣ ಸಣ್ಣ ಸಭೆಗಳಿಗೆ. ಊರವರ ನಿಂದೆ, ಅನುಮಾನದ ನಡುವೆ ಬದುಕುತ್ತಿದ್ದ ಜನ ಅವರು. ಅವರಲ್ಲಿ ಮನೆಗೆಲಸದ ದಾಸರಿದ್ದರು. ದೇವರ ವಾಕ್ಯವನ್ನು ಒಪ್ಪದ ಗಂಡಂದಿರ ಜೊತೆ ಬಾಳುತ್ತಿದ್ದ ಹೆಂಗಸರಿದ್ದರು. ಆ ಹೆಂಗಸರಿಗೆ ಅದೇ ಅಧ್ಯಾಯದ ಮೊದಲಲ್ಲೇ ಪೇತ್ರ ಹೇಳುತ್ತಾನೆ: ಮಾತಿಲ್ಲದೆ, ನಡತೆಯಿಂದಲೇ ಗಂಡಂದಿರನ್ನು ಗೆಲ್ಲಬಹುದು ಅಂತ. ಮಾತಾಡುವಾಗಲೂ ಸಾತ್ವಿಕವಾಗಿ, ಎದುರಿನವರಿಗೆ ಮರ್ಯಾದೆ ಕೊಟ್ಟು ಮಾತಾಡಿ ಅನ್ನುತ್ತಾನೆ. ಇದನ್ನು ತರಗತಿಯಲ್ಲಿ ಯಾಕೋ ಬೇಗ ಬೇಗ ದಾಟಿಬಿಡುತ್ತಾರೆ.

ಜನ ಏನು ನೋಡಿ ಕೇಳುತ್ತಾರೆ? ನನ್ನ ಅನುಭವದಲ್ಲಿ ತೀರಾ ಸಣ್ಣ ವಿಷಯಗಳು. ನಮ್ಮಲ್ಲಿ ಪ್ರಯಾಣದ ಬಿಲ್ಲಿಗೆ ಒಂದೆರಡು ಆಟೋ ಜಾಸ್ತಿ ಸೇರಿಸಿ ಬರೆಯುವುದು ಮಾಮೂಲಿ. ನಾನು ಬರೆಯುವುದಿಲ್ಲ. ಅದರ ಬಗ್ಗೆ ಯಾರಿಗೂ ಪಾಠ ಹೇಳಿದ್ದೂ ಇಲ್ಲ. "ನಿಮ್ಮದೇನು ಹರಿಶ್ಚಂದ್ರನ ವಂಶವಾ?" ಅಂತ ಪಕ್ಕದ ಸೀಟಿನಾಕೆ ತಮಾಷೆ ಮಾಡುತ್ತಲೇ ಇದ್ದರು. ಒಂದು ತಿಂಗಳ ಕೊನೆಯಲ್ಲಿ ವೋಚರ್‌ಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದಾಗ, "ತಮಾಷೆ ಬಿಡಿ, ನಿಜವಾಗ್ಲೂ ಯಾಕೆ?" ಅಂದರು. ಯೇಸು ನನ್ನ ಪಾಪದ ಸಾಲ ತೀರಿಸಿದ್ದಾನೆ ಅಂತ ನಂಬಿದ್ದೇನೆ, ಹಾಗಿರುವಾಗ ಒಂದು ಆಟೋ ದುಡ್ಡಿಗೆ ಸುಳ್ಳು ಬರೆಯೋಕೆ ಮನಸ್ಸು ಬರಲ್ಲ ಅಂದೆ. "ಹೂಂ" ಅಂದು ಮತ್ತೆ ಎಂಟ್ರಿ ಹಾಕಲು ಶುರು ಮಾಡಿದರು. ಅವತ್ತಿನ ಸುವಾರ್ತೆ ಅಷ್ಟೇ. ಅದನ್ನೇ ಹಿಡಿದುಕೊಂಡು ನಾನು ಬೈಬಲಿನ ರೋಮಾಪುರದವರ ಪತ್ರ ಪೂರ್ತಿ ವಿವರಿಸಲು ಹೊರಟಿದ್ದರೆ ಅವರು ಇನ್ನೊಮ್ಮೆ ಕೇಳುತ್ತಿರಲಿಲ್ಲ.

ಮುಂದೆ ಅವರ ಅತ್ತೆ ಆಸ್ಪತ್ರೆ ಸೇರಿದರು. ನಮ್ಮ ಮನೆಯಿಂದ ಗಂಜಿ, ಚಟ್ನಿ ಕ್ಯಾರಿಯರಿನಲ್ಲಿ ಹೋಗುತ್ತಿತ್ತು. ಅವರು ಮನೆಗೆ ಹೋಗಿ ಸ್ನಾನ ಮಾಡಿ ಬರುವವರೆಗೆ ನಾನು ಅತ್ತೆಯ ಹತ್ತಿರ ಕೂರುತ್ತಿದ್ದೆ. ಒಂದು ಸಂಜೆ, "ನಾನೊಂದು ಪ್ರಾರ್ಥನೆ ಮಾಡಲಾ? ಬೇಡ ಅಂದ್ರೂ ನನಗೆ ಬೇಜಾರಿಲ್ಲ" ಅಂತ ಅತ್ತೆಯನ್ನೇ ಕೇಳಿದೆ. ಆಗಲಿ ಅಂದರು. ನಾಲ್ಕು ಮಾತು, ಮನೆಯಲ್ಲಿ ಆಡುವ ಕನ್ನಡದಲ್ಲೇ. ಗುಣವಾಗೇ ಆಗುತ್ತೆ ಅಂತ ಮಾತು ಕೊಡಲಿಲ್ಲ, ನೀವೂ ಕೊಡಬೇಡಿ. ಅದು ನಮ್ಮ ಕೈಯಲ್ಲಿರುವ ವಿಷಯವಲ್ಲ. ಆಮೇಲೆ ಸೊಸೆ ಪರ್ಸಿನಿಂದ ಕಟೀಲಿನ ಕುಂಕುಮ ತೆಗೆದು ಅತ್ತೆಯ ಹಣೆಗೆ ಇಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಜಾಗದಲ್ಲಿ ಮುಖ ತಿರುಗಿಸಿದ್ದರೆ ನಾನು ಮಾಡಿದ ಪ್ರಾರ್ಥನೆಗೂ ಬೆಲೆ ಇರುತ್ತಿರಲಿಲ್ಲ. (ಪ್ರಸಾದ ತಿನ್ನಬಹುದಾ ಅನ್ನುವ ಜಗಳಕ್ಕೆ ಇಲ್ಲಿ ಇಳಿಯಲ್ಲ. 1 ಕೊರಿಂಥ 8 ಮತ್ತು 10 ಓದಿ. ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ನಯವಾಗಿ ಬೇಡ ಎನ್ನಿ.)

ನಮ್ಮ ಊರಿನ ಇತಿಹಾಸದಿಂದಲೂ ಕಲಿಯುವುದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಶನ್‌ನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ್ದು, ಅದೇ ಮಿಶನ್‌ನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ನನಗೆ ಹಿಡಿಸುವುದು ಅವರು ಕೇಳಿಸಿಕೊಂಡ ರೀತಿ. ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟೆಲ್ ತಮ್ಮ ನಿಘಂಟಿಗೆ ಜನ ಆಡುವ ಗಾದೆಗಳನ್ನೂ ಸೇರಿಸಿದರು. ಪಕ್ಕದ ಸೀಟಿನವರು ಯಾವ ವ್ರತ ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅಂತ ನಾವು ಒಮ್ಮೆಯಾದರೂ ಕೇಳಿದ್ದೇವಾ?

ಅದೇ ಮಿಶನ್‌ನ ಇನ್ನೊಂದು ಕಥೆ ಅಷ್ಟು ಸುಲಭದ್ದಲ್ಲ. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟಾಗ ಹೊಟ್ಟೆಪಾಡಿಗೆ ದಾರಿ ಇರಲಿಲ್ಲ. ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮರ್ಯಾದೆಯ ದುಡಿಮೆ ಸಿಕ್ಕಿತು, ಅದನ್ನು ಅಲ್ಲಗಳೆಯಲ್ಲ. ಆದರೆ ಸಂಬಳ ಕೊಡುವವರೂ ಸಭೆ ನಡೆಸುವವರೂ ಒಂದೇ ಆದಾಗ, ಯಾರ ನಂಬಿಕೆ ಎಷ್ಟು ಸ್ವತಂತ್ರ ಅಂತ ಹೇಳುವುದು ಕಷ್ಟ. ಅನ್ನಕ್ಕಾಗಿ ಮತ ಬಿಟ್ಟವರು ಅನ್ನುವ ಚುಚ್ಚುಮಾತು ನಮ್ಮ ಬೆನ್ನು ಬಿಡದಿರಲು ಇದೂ ಒಂದು ಕಾರಣ. ಹಾಗಾಗಿ ನನ್ನದೊಂದು ನಿಯಮ: ನನ್ನ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ನಾನಾಗಿ ಧರ್ಮದ ಮಾತು ಎತ್ತುವುದಿಲ್ಲ. ಅವರ ರಜೆ, ಇನ್‌ಕ್ರಿಮೆಂಟ್ ನನ್ನ ಸಹಿಯ ಮೇಲೆ ನಿಂತಿರುವಾಗ ಅವರು ಬೇಡ ಅನ್ನುವುದಾದರೂ ಹೇಗೆ? ಸಾಲ ಕೇಳಿದವರಿಗೆ ಸಾಲ ಕೊಡಿ, ಜೊತೆಗೆ ಬೈಬಲ್ ವಾಕ್ಯ ಕೊಡಬೇಡಿ.

ಕಾನೂನಿನ ಬಗ್ಗೆಯೂ ಒಂದು ಮಾತು. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ, ಅದನ್ನು ಹಿಂಪಡೆಯುವ 2023ರ ಸಂಪುಟದ ತೀರ್ಮಾನ, ಆ ರಾಜಕೀಯ ಬೇರೆ ಕಥೆ. ಬಲವಂತ, ಆಮಿಷ, ಮೋಸ ಯಾವ ಕಾಯ್ದೆ ಇಲ್ಲದಿದ್ದರೂ ಸುವಾರ್ತೆಗೆ ಹೊಂದುವುದಿಲ್ಲ.

ವಾಟ್ಸಾಪ್ ಸ್ಟೇಟಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಿನಾ ವಾಕ್ಯ ಹಾಕಿ, ಆಫೀಸ್ ಗ್ರೂಪಿನಲ್ಲಿ ಜಗಳ ಆಡಿದರೆ ಜನ ಎರಡನ್ನೂ ಓದುತ್ತಾರೆ.

ಇನ್ನು ಯಾರಾದರೂ ನಿಜವಾಗಿ ತಿಳಿದುಕೊಳ್ಳಬೇಕು ಅಂದರೆ ಏನು ಮಾಡಬೇಕು? ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 18 ತೆಗೆಯಿರಿ. ಅಕ್ವಿಲ, ಪ್ರಿಸ್ಕಿಲ್ಲ ಗುಡಾರ ಮಾಡುವ ದಂಪತಿ. ಕೊರಿಂಥ ಪಟ್ಟಣದಲ್ಲಿ ಅಪೊಸ್ತಲ ಪೌಲನೂ ಅವರ ಮನೆಯಲ್ಲೇ ಇದ್ದು ಅದೇ ಕೆಲಸ ಮಾಡಿದ. ಮುಂದೆ ಎಫೆಸದಲ್ಲಿ ಅಪೊಲ್ಲೋಸ ಎಂಬ ದೊಡ್ಡ ಮಾತುಗಾರನ ಬೋಧನೆಯಲ್ಲಿ ಕೊರತೆ ಕಂಡಾಗ ಈ ಗಂಡ ಹೆಂಡತಿ ಅವನನ್ನು ಮನೆಗೆ ಕರೆದು ಬಿಡಿಸಿ ಹೇಳಿದರು. ಮನೆಗೆ ಕರೆಯುವುದು ನಮಗೂ ಬರುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯ. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡ ಬೈಬಲ್ ಇದೆ. ವಾರಕ್ಕೊಂದು ಅಧ್ಯಾಯ ಸಾಕು. ಅವರೇ ಜೋರಾಗಿ ಓದಲಿ. ಇಲ್ಲಿ ಯೇಸು ಎಂಥವನು ಅನ್ನಿಸಿತು, ಯಾವ ಮಾತು ಕಿರಿಕಿರಿ ಮಾಡಿತು ಅಂತ ಕೇಳಿ. ಐದನೇ ಅಧ್ಯಾಯದಲ್ಲಿ ಎರಡು ಸಾವಿರದಷ್ಟು ಹಂದಿಗಳು ಕೆರೆಗೆ ಬಿದ್ದು ಸತ್ತದ್ದು ಯಾಕೆ ಅಂತ ಖಂಡಿತ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅಯ್ಯನವರನ್ನು (ಸಭೆಯ ಪಾಸ್ಟರನ್ನು) ಕೇಳಿಕೊಂಡು ಬನ್ನಿ.

ಎಲ್ಲ ಓದಿ, "ಚೆನ್ನಾಗಿದೆ, ಆದರೆ ನನಗೆ ನನ್ನ ದೇವರು ಸಾಕು" ಅಂದರೂ ಅನ್ನಬಹುದು. ನನ್ನ ಪಕ್ಕದ ಸೀಟಿನಾಕೆ ಅಂದದ್ದೂ ಅದೇ. ನಾವು ಈಗಲೂ ಒಟ್ಟಿಗೇ ಊಟ ಮಾಡುತ್ತೇವೆ. ಮಗನ ಪರೀಕ್ಷೆ ಇದ್ದರೆ ಪ್ರಾರ್ಥನೆ ಮಾಡಿ ಅಂತ ಅವರೇ ಹೇಳುತ್ತಾರೆ.

ಕೊನೆಗೆ, ಇದನ್ನು ಒಬ್ಬರೇ ಮಾಡಬೇಡಿ. ನಿಮ್ಮ ತರಗತಿಯಲ್ಲಿದ್ದವರಲ್ಲೇ ಒಬ್ಬಿಬ್ಬರನ್ನು ಹುಡುಕಿ, ತಿಂಗಳಿಗೊಮ್ಮೆ ಸೇರಿ, ಯಾರಿಗಾಗಿ ಪ್ರಾರ್ಥಿಸುತ್ತಿದ್ದೀರಿ ಅಂತ ಹೇಳಿಕೊಳ್ಳಿ. ಬಿಲ್ಲಿಗೆ ಆಟೋ ಸೇರಿಸಿದ್ದರೆ ಅದನ್ನೂ ಹೇಳಿಕೊಳ್ಳಿ. ಆದರೆ ಆಫೀಸಿನವರ ಹೆಸರು, ಅವರ ಮನೆಯ ಕಷ್ಟ ಯಾವ ಕಾರಣಕ್ಕೂ ಸಭೆಯ ವಾಟ್ಸಾಪ್ ಗ್ರೂಪಿಗೆ ಹೋಗಬಾರದು, ಪ್ರಾರ್ಥನೆಯ ಕೋರಿಕೆ ಅಂತಲೂ ಕೂಡ.