ರಿಪೋರ್ಟ್ ನಾರ್ಮಲ್, ನೋವು 11 ಕಡೆ

"ಏನಾದರೂ ಒಂದು ಸಿಕ್ಕಿಬಿಟ್ಟಿದ್ದರೆ ಚೆನ್ನಾಗಿತ್ತು ಮೇಡಂ." ರಿಪೋರ್ಟುಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಹೇಳಿದ ಮಾತಿದು. ಇದೇ ಮಾತು ಬೇರೆ ಬೇರೆಯವರ ಬಾಯಲ್ಲಿ ಬರುತ್ತಲೇ ಇದೆ. ಅದಕ್ಕೇ ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಲವತ್ತರ ಆಸುಪಾಸಿನ ಹೆಂಗಸು. ಎರಡು ವರ್ಷದಿಂದ ಮೈಕೈ ನೋವು, ಎಷ್ಟು ಮಲಗಿದರೂ ತೀರದ ಸುಸ್ತು. ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್ ರಕ್ತಪರೀಕ್ಷೆಗಳೆಲ್ಲ ಸರಿಯಾಗಿದ್ದವು. "ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದು ವೈದ್ಯರು ನನ್ನ ಬಳಿ ಆಪ್ತಸಲಹೆಗೆ ಕಳಿಸಿದ್ದರು.

ಎರಡನೇ ಭೇಟಿಯಲ್ಲಿ ದೇಹದ ಮುಂಬದಿ, ಹಿಂಬದಿಯ ಚಿತ್ರವಿದ್ದ ಹಾಳೆ ಕೊಟ್ಟು, ಕಳೆದ 7 ದಿನಗಳಲ್ಲಿ ನೋವಿದ್ದ ಜಾಗವನ್ನೆಲ್ಲ ಪೆನ್ಸಿಲಿನಲ್ಲಿ ತುಂಬಿ ಎಂದೆ. ಕತ್ತು, ಎರಡೂ ಭುಜ, ಬೆನ್ನಿನ ಮೇಲ್ಭಾಗ, ಸೊಂಟ, ಎರಡೂ ಪೃಷ್ಠ, ತೊಡೆಗಳು, ಮೀನಖಂಡಗಳು. ಭುಜದ ಹತ್ತಿರ ಪೆನ್ಸಿಲ್ ಒತ್ತಿ ಹಾಳೆ ಹರಿಯಿತು. ಎಣಿಸಿದರೆ 11.

"ಡಾಕ್ಟರಿಗೆ ಇದನ್ನೆಲ್ಲ ಹೇಳಿದ್ದಿರಾ?"

"ಇಲ್ಲ. ಅವತ್ತು ಎಲ್ಲಿ ಜಾಸ್ತಿಯೋ ಅದನ್ನಷ್ಟೇ ಹೇಳ್ತಿದ್ದೆ."

ಹೀಗಾಗಿ ಒಬ್ಬರು ಕಂಡದ್ದು ಭುಜನೋವು, ಇನ್ನೊಬ್ಬರು ಕಂಡದ್ದು ಸೊಂಟನೋವು. ಇಡೀ ಮೈಯನ್ನು ಯಾರೂ ಒಟ್ಟಿಗೆ ನೋಡಿರಲಿಲ್ಲ. ಮೈಯೆಲ್ಲ ಹರಡುವ ನೋವು, ಸುಸ್ತು ತಿಂಗಳುಗಟ್ಟಲೆ ಕಾಡುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ ಕೈತಪ್ಪುವುದು ಹೆಚ್ಚಾಗಿ ಇಲ್ಲೇ.

ಇದನ್ನು ಗುರುತಿಸುವ 2016ರ ಮಾನದಂಡದಲ್ಲಿ ನೋವಿನ ಜಾಗಗಳು 19. ಸುಸ್ತು, ಎದ್ದಾಗಲೂ ಹಗುರಾಗದ ಮೈ, ಮರೆವು ಇವುಗಳ ತೀವ್ರತೆಗೆ ತಲಾ 0ಯಿಂದ 3 ಅಂಕ. ತಲೆನೋವು, ಕೆಳಹೊಟ್ಟೆ ನೋವು, ಖಿನ್ನತೆಗೆ ತಲಾ 1. ಜಾಗ 7 ಅಥವಾ ಹೆಚ್ಚಿದ್ದರೆ ಒಟ್ಟು ಅಂಕ ಕನಿಷ್ಠ 5 ಇರಬೇಕು. ಜಾಗ 4ರಿಂದ 6 ಇದ್ದರೆ ಅಂಕ ಕನಿಷ್ಠ 9 ಬೇಕು. ನೋವು ದೇಹದ 5 ವಲಯಗಳಲ್ಲಿ 4ರಲ್ಲಾದರೂ ಹರಡಿರಬೇಕು, 3 ತಿಂಗಳಿಂದ ಇರಬೇಕು. ಈಕೆಯ ಅಂಕ 8. ಬೇರೆ ಕಾಯಿಲೆ ಜೊತೆಗಿದ್ದರೂ ಇದು ಇರಬಹುದು. ಇದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ.

ಆಪ್ತಸಲಹೆಗಾರರಿಗೆ ಈ ಲೆಕ್ಕ ಯಾಕೆ ಎಂದು ಆಕ್ಷೇಪಿಸುವವರಿದ್ದಾರೆ. ರೋಗನಿರ್ಣಯ ವೈದ್ಯರದ್ದೇ, ಒಪ್ಪುತ್ತೇನೆ. ಆದರೆ ಆ ಹಾಳೆಯನ್ನು ಪತ್ರದ ಜೊತೆ ವೈದ್ಯರಿಗೆ ಕಳಿಸದೆ "ಧೈರ್ಯ ತಂದುಕೊಳ್ಳಿ" ಎಂದಷ್ಟೇ ಹೇಳಿದ್ದರೆ, ಆಕೆಯ ನೋವನ್ನು ನಂಬದವರ ಸಾಲಿಗೆ ನಾನೂ ಸೇರುತ್ತಿದ್ದೆ. ವೈದ್ಯರು ಪರೀಕ್ಷಿಸಿ ಅದೇ ಕಾಯಿಲೆ ಎಂದರು.

ಗಂಡನನ್ನೂ ಕೂರಿಸಿ ವಿವರಿಸಿದೆ: ನರವ್ಯೂಹ ನೋವಿನ ಸಂಕೇತವನ್ನು ಹಿಗ್ಗಿಸುತ್ತಿದೆ, ಉರಿಯೂತವಲ್ಲದ್ದರಿಂದ ಸ್ಟೀರಾಯ್ಡ್ ಇಲ್ಲಿ ನಾಟುವುದಿಲ್ಲ. ಆಕೆಗೆ ದಿನಕ್ಕೆ 5 ನಿಮಿಷದ ನಡಿಗೆ, ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಳ. ಎಡವುವುದು ಮೈ ಹಗುರಾದ ದಿನವೇ: ಬಾಕಿ ಕೆಲಸವನ್ನೆಲ್ಲ ಅವತ್ತೇ ಮುಗಿಸಲು ಹೋಗಿ ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಹಾಗಾಗಿ ಚೆನ್ನಾಗಿರುವ ದಿನವೂ ಅಷ್ಟೇ ನಿಮಿಷ. ರಾತ್ರಿಗೆ ವೈದ್ಯರು ಕೊಟ್ಟ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಮಾತ್ರೆಯಿಂದ ಬಾಯಿ ಒಣಗಬಹುದು, ಬೆಳಿಗ್ಗೆ ಮಂಪರಿರಬಹುದು. ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ ಎಂದೆ.

ಇನ್ನೊಂದು ಮಾತನ್ನು ಹಾಳೆಯ ಹಿಂದೆ ಬರೆದುಕೊಟ್ಟೆ: ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ, ಕೈಕಾಲಿನ ಬಲ ಕುಂದಿದರೆ ಅದನ್ನು ಈ ಕಾಯಿಲೆಯ ಲೆಕ್ಕಕ್ಕೆ ಹಾಕದೆ ಮತ್ತೆ ವೈದ್ಯರಿಗೆ ತೋರಿಸಿ.