ಜಿಸಿಸಿ ಒಂದು ಕಂಪೈಲರ್, ಅಂದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು (ಸೋರ್ಸ್) ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ. ಅದನ್ನು ಬೇರೆ ಬೇರೆ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಒಯ್ಯುವಾಗ, ಕಂಪೈಲರನ್ನೇ ಕಂಪೈಲ್ ಮಾಡೋದು ಯಾರು?

ಮೊದಲ ಸಲ ಆ ಯಂತ್ರದಲ್ಲಿ ಆಗಲೇ ಇರುವ ಸಿ ಭಾಷೆಯ ಕಂಪೈಲರ್, ಅಂದರೆ 'ಸಿಸಿ'. 1987ರಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಬಿಡುಗಡೆ ಮಾಡಿದಾಗ ಅದು ವ್ಯಾಕ್ಸ್ ಮತ್ತು ಸನ್ ಯಂತ್ರಗಳಿಗೆ ಕೋಡ್ ಕೊಡುತ್ತಿತ್ತು. ಒಂದೊಂದು ಯುನಿಕ್ಸ್‌ನ ಸಿಸಿಗೂ ಅದರದ್ದೇ ತಕರಾರು. ಹಾಗಾಗಿ ಜಿಸಿಸಿಯ ಸೋರ್ಸನ್ನು ಬಹಳ ವರ್ಷ ಹಳೇ ಕಾಲದ ಸರಳ ಸಿ ಶೈಲಿಯಲ್ಲೇ ಬರೆದರು.

ನಿಜವಾದ ಜಾಣತನ ಇರೋದು ಆಮೇಲೆ. ಸಿಸಿ ಕಟ್ಟಿಕೊಟ್ಟ ಜಿಸಿಸಿ ಮೊದಲ ಹಂತದ್ದು. ಅದರಿಂದ ಅದೇ ಸೋರ್ಸನ್ನು ಮತ್ತೆ ಕಂಪೈಲ್ ಮಾಡಿದರೆ ಎರಡನೆಯದು, ಎರಡನೆಯದರಿಂದ ಮೂರನೆಯದು. ಎರಡು ಮತ್ತು ಮೂರರ ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆಗಿ ಹೊರಬಂದ ಯಂತ್ರಕೋಡಿನ ಫೈಲುಗಳು) ಒಂದೇ ಥರ ಇರಬೇಕು. ವ್ಯತ್ಯಾಸ ಬಂತು ಅಂದರೆ ಎಲ್ಲೋ ತಪ್ಪು ಕೋಡ್ ಹುಟ್ಟಿರುವ ಸಾಧ್ಯತೆ ಜಾಸ್ತಿ. ಕೆಲವು ಯುನಿಕ್ಸ್‌ಗಳಲ್ಲಿ ಫೈಲಿನ ಶುರುವಿನಲ್ಲೇ ಸಮಯದ ಗುರುತು ಕೂತಿರುತ್ತದೆ, ಅದು ಪ್ರತಿ ಸಲ ಬೇರೆ. ಸುಮ್ನೆ ಗಾಬರಿ ಯಾಕೆ ಅಂತ ಮೊದಲ 16 ಬೈಟ್ ಬಿಟ್ಟು ಹೋಲಿಸುತ್ತಾರೆ!

ಸಿಸಿಯೇ ಇಲ್ಲದಿದ್ದರೆ? ಸನ್ ಕಂಪನಿ ತನ್ನ ಯುನಿಕ್ಸ್ ಆದ ಸೊಲಾರಿಸ್ 2ರಿಂದ ಕಂಪೈಲರನ್ನು ಬೇರೆಯಾಗಿ ಮಾರತೊಡಗಿತ್ತು. ಅಂಥ ಕಡೆ ಯಾರೋ ಕಟ್ಟಿಟ್ಟ ಜಿಸಿಸಿ ಬೈನರಿ ತಂದು ಶುರು ಮಾಡಬೇಕು, ಇಲ್ಲವೇ ಇನ್ನೊಂದು ಯಂತ್ರದಲ್ಲಿ ಕ್ರಾಸ್ ಕಂಪೈಲ್ ಮಾಡಬೇಕು, ಅಂದರೆ ಅಲ್ಲಿಂದಲೇ ಈ ಯಂತ್ರಕ್ಕೆ ಬೇಕಾದ ಕೋಡ್ ಹುಟ್ಟಿಸಬೇಕು. ಈಗಂತೂ, 4.8ನೇ ಆವೃತ್ತಿಯಿಂದ, ಸಿ ಸಾಲದು, ಸಿ++ ಕಂಪೈಲರೇ ಬೇಕು.