ಸಂಪಾದಕರ ಉತ್ತರ: ಚಿತ್ರ ತೋರಿಸುವುದೂ ಚಿಕಿತ್ಸೆಯೇ?

(ಪತ್ರದ ಸಾರ: ಗಣಿತದ ಪ್ರಾಧ್ಯಾಪಕರಾಗಿ ನಿವೃತ್ತರಾದ, 66 ವರ್ಷದ ನನ್ನ ಅಣ್ಣನಿಗೆ ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಭಾಷೆ ಕೆಡುವ ತೊಂದರೆ, ಆಗಿದೆ. ಸ್ಪೀಚ್ ಥೆರಪಿಸ್ಟ್ ಅಣ್ಣನ ಮುಂದೆ ಬೀಗದ ಕೈ, ಲೋಟಗಳ ಚಿತ್ರ ಇಡುತ್ತಾರೆ. ನಮಗೆ ‘ನಿಧಾನವಾಗಿ ಮಾತಾಡಿ, ಕಾಯಿರಿ’ ಎಂದು ಪಾಠ ಹೇಳುತ್ತಾರೆ. ಆರು ತಿಂಗಳ ಮೇಲೆ ಮಾತು ಸುಧಾರಿಸುವುದಿಲ್ಲವಂತೆ. ವಿದ್ವಾಂಸನನ್ನು ಶಿಶುವಾಗಿಸುವ ಈ ಆಟವನ್ನು ನಿಲ್ಲಿಸಬಾರದೇಕೆ?)

ಅಣ್ಣನ ಮೇಲಿನ ನಿಮ್ಮ ಅಭಿಮಾನ ಪತ್ರದ ಸಾಲುಸಾಲಿನಲ್ಲೂ ಕಾಣುತ್ತದೆ. ಪುಟ್ಟ ಮಕ್ಕಳಿಗೆಂದು ಬರೆದ ಚಿತ್ರಗಳನ್ನೇ ಅವರ ಮುಂದಿಟ್ಟಿದ್ದರೆ ನಿಮಗೆ ನೋವಾದದ್ದು ಸಹಜ. ಅವರ ಪಾಠದ ಟಿಪ್ಪಣಿಗಳನ್ನು, ಶಿಷ್ಯರ ಫೋಟೋಗಳನ್ನು ಬಳಸಿರೆಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಅಷ್ಟಕ್ಕೇ ಆ ಕೆಲಸವನ್ನು ಆಟವೆಂದು ಕರೆದಿರಲ್ಲ, ಅದನ್ನು ನಾನು ಒಪ್ಪಲಾರೆ.

1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರು ಲೆಬೋರ್ನ್ ಎಂಬ ರೋಗಿಯನ್ನು ಪರೀಕ್ಷಿಸಿದರು. ಏನು ಕೇಳಿದರೂ ಆತನಿಂದ ಸಾಮಾನ್ಯವಾಗಿ ಬರುತ್ತಿದ್ದುದು ‘ತಾನ್, ತಾನ್’ ಎಂಬ ಸದ್ದೊಂದೇ. ಎಷ್ಟು ವರ್ಷದಿಂದ ಇಲ್ಲಿದ್ದೀಯೆ ಎಂದು ಬ್ರೋಕಾ ಕೇಳಿದಾಗ ಬಲಗೈ ಸ್ವಾಧೀನವಿಲ್ಲದ ಆತ ಎಡ ಅಂಗೈಯನ್ನು ನಾಲ್ಕು ಸಲ ಬಿಡಿಸಿ, ಆಮೇಲೆ ಒಂದು ಬೆರಳು ತೋರಿಸಿದ. ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಮರುದಿನವೂ ಅದೇ ಉತ್ತರ ಬಂತು. ಮೂರನೆಯ ಸಲ ಅದನ್ನೇ ಕೇಳಿದಾಗ, ತನ್ನನ್ನು ಪರೀಕ್ಷಿಸುತ್ತಿದ್ದಾರೆಂಬುದು ತಿಳಿದು ಆತ ಸಿಟ್ಟಿನಿಂದ ಬೈದುಬಿಟ್ಟ. ಅಫೇಸಿಯಾ ಕೆಡಿಸುವುದು ಭಾಷೆಯನ್ನು. ಲೆಕ್ಕ, ನೆನಪು, ಮಾನಾವಮಾನಗಳ ಅರಿವು ಒಳಗೆ ಉಳಿದಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೆ?

ಬೀಗದ ಕೈಯ ಚಿತ್ರದಿಂದ ಥೆರಪಿಸ್ಟ್ ತಿಳಿಯಬಯಸುವುದು ನಿಮ್ಮ ಅಣ್ಣನಿಗೆ ಅದು ಗೊತ್ತಿದೆಯೇ ಎಂಬುದೊಂದನ್ನೇ ಅಲ್ಲ. ಅವರು ‘ಬೀಗ’ ಎಂದರೆ ಅರ್ಥದ ನಂಟು ಉಳಿದಿದೆ, ಪದದ ಆಯ್ಕೆ ಜಾರಿದೆ. ಮೊದಲ ಅಕ್ಷರ ಕೇಳಿದೊಡನೆ ಪದ ಹೊರಬಂದರೆ ಅದು ಒಳಗೇ ಇದೆ, ಸಿಕ್ಕಿರಲಿಲ್ಲ ಅಷ್ಟೆ. ಬರೆಯಲು ಬಂದು ಹೇಳಲು ಬಾರದಿದ್ದರೆ, ಪದ ತಿಳಿದಿದ್ದರೂ ನಾಲಿಗೆ ತುಟಿಗಳ ಚಲನೆ ಜೋಡಣೆಯಾಗದಿದ್ದರೆ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಹೊರಗೆ ಕುಳಿತವರಿಗೆ ಒಂದೇ ಬಗೆಯ ತೊದಲಾಗಿ ಕೇಳುವುದನ್ನು ಹೀಗೆ ಬಿಡಿಸಿ ನೋಡುವುದು ಪಾಂಡಿತ್ಯ ಬೇಡುವ ಕೆಲಸ. ಇದೇ ಥೆರಪಿಸ್ಟರೇ ಪಾರ್ಶ್ವವಾಯುವಾದವರು ಗುಟುಕು ನೀರನ್ನು ಸುರಕ್ಷಿತವಾಗಿ ನುಂಗಬಲ್ಲರೇ ಎಂಬುದನ್ನೂ ಪರೀಕ್ಷಿಸುತ್ತಾರೆ. ಕೆಲವರಲ್ಲಿ ಕೆಮ್ಮೂ ಬಾರದೆ ನೀರು ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ.

ಆರು ತಿಂಗಳ ಗಡುವಿನ ಮಾತು ಯಾರು ಹೇಳಿದರೋ ತಿಳಿಯದು, ಆದರೆ ಅದು ಎಷ್ಟೋ ಮನೆಗಳ ಆಸೆಯನ್ನು ಕೊಂದಿದೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎಂಬುದು ನಿಜ. ಹಾಗೆಂದು ಆಮೇಲೆ ಬಾಗಿಲು ಮುಚ್ಚುವುದಿಲ್ಲ. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಜರ್ಮನಿಯ ಅಧ್ಯಯನದಲ್ಲಿದ್ದವರು ಪಾರ್ಶ್ವವಾಯುವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಕಳೆದಿದ್ದ, 70 ವರ್ಷದೊಳಗಿನ 156 ಮಂದಿ. ವಾರಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲದಂತೆ ಕನಿಷ್ಠ ಮೂರು ವಾರ ಚಿಕಿತ್ಸೆ ಪಡೆದ ಮೇಲೆ ದಿನನಿತ್ಯದ ಮಾತಿನಲ್ಲಿ ಅವರು ಸುಧಾರಿಸಿದ್ದರು. ನಿಮ್ಮ ಅಣ್ಣನಿಗೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತಿದೆ? ಫಲ ಕಾಣಲಿಲ್ಲವೆಂದು ದೂರುವ ಮೊದಲು ಅದನ್ನು ಲೆಕ್ಕ ಹಾಕಿ.

‘ಕಾಯಿರಿ’ ಎಂಬ ಪಾಠ ನಿಮಗೆ ಹಗುರವಾಗಿ ಕಂಡಿದೆ. ಟೊರೊಂಟೊದ ಸ್ಪೀಚ್ ಥೆರಪಿಸ್ಟ್ ಆರಾ ಕಾಗನ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಬೇತಿ ಕೊಟ್ಟದ್ದು ರೋಗಿಗಳಿಗಲ್ಲ, ಅವರೊಡನೆ ಮಾತಾಡುವ ಸ್ವಯಂಸೇವಕರಿಗೆ. ಮುಖ್ಯ ಪದವನ್ನು ಬರೆದು ತೋರಿಸುವುದು, ಹೌದು-ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳುವುದು, ಉತ್ತರಕ್ಕೆ ಬಿಡುವು ಕೊಡುವುದು, ತಿಳಿದದ್ದನ್ನು ಮತ್ತೆ ಖಚಿತಪಡಿಸಿಕೊಳ್ಳುವುದು ಇಂಥ ತರಬೇತಿಯ ತಿರುಳು. ಅದರಿಂದ ಅಫೇಸಿಯಾ ಇದ್ದವರ ಸಂವಾದವೂ ಉತ್ತಮಗೊಂಡಿತು. ಗಾಲಿಕುರ್ಚಿಗೆ ಇಳಿಜಾರು ಹಾದಿ ಹೇಗೋ ಇವರಿಗೆ ಎದುರು ಕುಳಿತವರ ತಾಳ್ಮೆ ಹಾಗೆ, ಮತ್ತು ಆ ಹಾದಿಯನ್ನು ಕಟ್ಟಬೇಕಾದವರು ನಾವು.

ನಾವು ಕಟ್ಟುತ್ತಿಲ್ಲ ಎಂಬುದೇ ನನ್ನ ಸಂಕಟ. ವೈದ್ಯರು ರೋಗಿಯ ತಲೆಯ ಮೇಲಿಂದ ಮಗನೊಡನೆ ಮಾತಾಡುತ್ತಾರೆ. ಬ್ಯಾಂಕಿನ ಗುಮಾಸ್ತರು ‘ಇವರಿಗೆ ಏನು ಬೇಕಂತೆ?’ ಎಂದು ಪಕ್ಕದವರನ್ನು ಕೇಳುತ್ತಾರೆ. ನೋಡಲು ಬಂದ ನೆಂಟರು ಸ್ವರವೇರಿಸುತ್ತಾರೆ, ಕಿವಿ ಕೆಟ್ಟಿದೆಯೆಂಬಂತೆ. ಆಸ್ಪತ್ರೆಯ ಬಿಲ್ಲಿನಲ್ಲಿ ಸ್ಕ್ಯಾನಿಗೆ, ಔಷಧಿಗೆ ತಕರಾರಿಲ್ಲದ ಜಾಗವಿದೆ, ಒಬ್ಬ ಮನುಷ್ಯನ ಒಂದು ಪದಕ್ಕಾಗಿ ಇನ್ನೊಬ್ಬರು ಅರ್ಧ ಗಂಟೆ ಕುಳಿತರೆ ಮಾತ್ರ ಅದು ಕೆಲಸವೆಂದೇ ತೋರುವುದಿಲ್ಲ. ಬೇಗ ಮಾತಾಡಬಲ್ಲವರನ್ನಷ್ಟೇ ಬುದ್ಧಿವಂತರೆಂದು ಎಣಿಸುವ ಸಮಾಜ ಇಂಥವರನ್ನು ಬದುಕಿರುವಾಗಲೇ ಲೆಕ್ಕದಿಂದ ತೆಗೆದುಹಾಕುತ್ತದೆ.

ಕೊನೆಗೆ ಒಂದು ಮಾತು, ಬೇಸರಿಸಬೇಡಿ. ನಿಮ್ಮ ದೀರ್ಘ ಪತ್ರದಲ್ಲಿ ನಿಮ್ಮ ಅಭಿಪ್ರಾಯವಿದೆ, ಅತ್ತಿಗೆಯವರದ್ದಿದೆ, ನೆರೆಯವರದ್ದೂ ಇದೆ. ಅಣ್ಣನದು ಎಲ್ಲಿಯೂ ಇಲ್ಲ. ಒಂದು ಹಾಳೆಯಲ್ಲಿ ‘ಮುಂದುವರಿಸೋಣ’, ಇನ್ನೊಂದರಲ್ಲಿ ‘ನಿಲ್ಲಿಸೋಣ’ ಎಂದು ದೊಡ್ಡದಾಗಿ ಬರೆದು, ಟಿವಿ ಆರಿಸಿ, ಅವರ ಎದುರು ಕುಳಿತು ಕೇಳಿ. ಮರುದಿನ ಹಾಳೆಗಳ ಜಾಗ ಬದಲಿಸಿ ಇನ್ನೊಮ್ಮೆ ಕೇಳಿ. ಅವರು ಯಾವುದನ್ನು ಮುಟ್ಟುತ್ತಾರೋ ಅದನ್ನೇ ಥೆರಪಿಸ್ಟರಿಗೆ ತಿಳಿಸಿ.